ಬಲೆಯನ್ನು ಎತ್ತುವ ಗಳಿಗೆ

ಅಮೇರಿಕ ದೇಶಕ್ಕೆ ಸೇರಿದ ಅಲಾಸ್ಕ ಸೀಮೆಯ ಆಗ್ನೇಯ ಭಾಗದಲ್ಲಿ ಸಮುದ್ರವು ನೂರಾರು ದ್ವೀಪಗಳ ನಡುವೆ ಹೊಕ್ಕು ಕಾಲುವೆಗಳ ಹಾಗೆ ಹರಡಿಕೊಂಡಿದೆ. ಬೇಸಿಗೆಯಲ್ಲಿ ವಿಹಾರದೋಣಿಗಳಲ್ಲಿ ಹೋಗುವವರು ಅಲ್ಲಿ ಸಾಲ್ಮನ್ ಎಂಬ ಮೀನನ್ನು ಹಿಡಿಯುವವರ ದೋಣಿಗಳ ಸಮೂಹವನ್ನು ಕಾಣುತ್ತಾರೆ. ನಾವೂ ಮನಸ್ಸಿನಲ್ಲಿ ಅಂಥಾ ಒಂದು ದೋಣಿಯನ್ನು ಹತ್ತಿ, ಆ ಕೆಲಸವನ್ನು ನೋಡಿ ಬುದ್ಧಿ ಕಲಿಯೋಣ.

ಮೊದಲನೆಯದಾಗಿ, ಅವರ ಶ್ರಮವನ್ನು ನೋಡಿರಿ. ದೋಣಿಯ ಉದ್ದವು ಕಟ್ಟಳೆಯ ಪ್ರಕಾರ 58 ಅಡಿಯನ್ನು ಮೀರಬಾರದು. ಮೀನು ನೀರಿನಿಂದ ಎಗರುವದನ್ನು ಕಂಡ ಕೂಡಲೆ ಒಂದು ಚಿಕ್ಕ ದೋಣಿಯು ಬಲೆಯ ತುದಿಯನ್ನು ಹಿಡಿದು ನಿಲ್ಲುವದು. ದೊಡ್ಡ ದೋಣಿಯು ಬಲೆಯನ್ನು ಬಿಡುತ್ತಾ ಸುತ್ತಿ ಬರುವದು. ಬಲೆಯ ಮೇಲಂಚಿನಲ್ಲಿ ತೇಲುವ ಬೆಂಡು, ಕೆಳಗಿನ ಅಂಚಿನಲ್ಲಿ ಸೀಸದ ಭಾರ. ಅಡಿಯ ಹಗ್ಗವನ್ನು ಎಳೆದರೆ ಸಂಚಿಯ ಬಾಯಿ ಮುಚ್ಚುವಂತೆ ಬಲೆಯ ಅಡಿ ಮುಚ್ಚುವದು. ನೋಡುವದಕ್ಕೆ ಬಂದವರು ದೂರದಿಂದಲೇ ಸುತ್ತಿ ಹೋಗಬೇಕು. ಯಾಕಂದರೆ ಆ ಬಲೆ ಇನ್ನೊಬ್ಬನ ಅನ್ನ.

ಎರಡನೆಯದಾಗಿ, ಅವರು ನಿಲ್ಲಿಸುವದನ್ನು ನೋಡಿರಿ. ಸರಕಾರದವರು ಗೊತ್ತುಮಾಡಿದ ಗಂಟೆ ಮುಗಿಯಿತೋ, ಬಲೆಗಳೆಲ್ಲಾ ಮೇಲಕ್ಕೆ ಬರಬೇಕು. ಸುತ್ತಲೂ ಮೀನು ಎಗರುತ್ತಿದ್ದರೂ, ಸಾಲ ಮಾಡಿ ದೋಣಿ ಕೊಂಡವನೂ ಸುಮ್ಮನೆ ಕೂತುಕೊಳ್ಳಬೇಕು. ಇದು ಯಾತಕ್ಕೆ? ಸಾಲ್ಮನ್ ಮೀನು ಹೊಳೆಯಲ್ಲಿ ಹುಟ್ಟಿ, ಸಮುದ್ರದಲ್ಲಿ ಬೆಳೆದು, ತಾನು ಹುಟ್ಟಿದ ಹೊಳೆಗೇ ತಿರಿಗಿ ಬಂದು ಮೊಟ್ಟೆಯಿಟ್ಟು ಸಾಯುವದು. ನಸುಗೆಂಪು ಸಾಲ್ಮನ್ ಎಂಬ ಜಾತಿಗೆ ಎರಡೇ ವರುಷದ ಆಯುಷ್ಯ. ಈ ವರುಷ ತಾಯಿಮೀನು ಹೊಳೆ ಸೇರದಿದ್ದರೆ ಎರಡು ವರುಷದ ಮೇಲೆ ಬಲೆಗೆ ಬರುವದೇನು? ಆದಕಾರಣ ಅಧಿಕಾರಿಗಳು ವಿಮಾನದಿಂದ ಹೊಳೆಗಳನ್ನು ನೋಡಿ, ಮೇಲಕ್ಕೆ ಹೋದ ಮೀನನ್ನು ಅಂದಾಜುಮಾಡಿ, ಹಿಡಿಯುವ ಸಮಯವನ್ನು ಗೊತ್ತುಮಾಡುತ್ತಾರೆ.

ಪೂರ್ವದಲ್ಲಿ ಹೀಗಿರಲಿಲ್ಲ. ಮೀನನ್ನು ಡಬ್ಬಿಗೆ ತುಂಬುವ ಕಾರ್ಖಾನೆಗಳವರು ಮೀನಿನ ದಾರಿಯಲ್ಲೇ ದೊಡ್ಡ ಬೋನುಗಳನ್ನು ಕಟ್ಟಿದ್ದರು. ಮೀನು ಕಡಿಮೆಯಾಗುತ್ತಾ ಬಂದು, 1953ರಲ್ಲಿ ರಾಷ್ಟ್ರಾಧ್ಯಕ್ಷ ಐಸೆನ್‌ಹೋವರನು ಅಲ್ಲಿಯ ಬೆಸ್ತರ ಊರುಗಳನ್ನು ವಿಪತ್ತಿಗೊಳಗಾದವುಗಳೆಂದು ಸಾರಬೇಕಾಯಿತು. 1959ರಲ್ಲಿ ಅಲಾಸ್ಕವೆಲ್ಲಾ ಸೇರಿ ಸುಮಾರು 2 ಕೋಟಿ 50 ಲಕ್ಷ ಮೀನು ಮಾತ್ರ ಸಿಕ್ಕಿತು. ಅದೇ ವರುಷ ಅಲಾಸ್ಕವು ರಾಜ್ಯವಾಯಿತು, ಬೋನುಗಳು ನಿಷೇಧವಾದವು. 2013ರಲ್ಲಿ ಸಿಕ್ಕಿದ್ದು 25 ಕೋಟಿಗೂ ಮೇಲೆ. ಸಮುದ್ರದ ಅನುಕೂಲವೂ ಮರಿ ಸಾಕುವ ಕೆಲಸವೂ ಇದಕ್ಕೆ ಸಹಾಯವಾದವು. ಆದರೂ ಹೊಳೆಗೆ ಹೋಗುವದಕ್ಕೆ ಬಿಟ್ಟ ಮೀನೇ ಇದಕ್ಕೆ ಬೀಜ.

ಧರ್ಮೋಪದೇಶಕಾಂಡದ 22ನೆಯ ಅಧ್ಯಾಯದಲ್ಲಿ ದೇವರು ಹಕ್ಕಿಯ ಗೂಡಿನ ವಿಷಯವಾಗಿ ಇದನ್ನೇ ಕಲಿಸಿದ್ದಾನೆ: ಮರಿಗಳನ್ನು ತಕ್ಕೊಳ್ಳಬಹುದು, ತಾಯನ್ನು ಬಿಟ್ಟುಬಿಡಬೇಕು. ಆತನು ಬಡವನ ಹಸಿವನ್ನು ಮರೆತು ಹೀಗೆ ಹೇಳಿದನೋ? ಇಲ್ಲ, ಆ ಬಡವನ ಮಕ್ಕಳ ಹಸಿವನ್ನೂ ನೆನಸಿ ಹೇಳಿದನು. ಹೊಟ್ಟೆ ಹಸಿದಾಗ ಬಿತ್ತನೆಯ ಕಾಳನ್ನು ಮುಟ್ಟದೆ ಇರುವದು ಸುಲಭವಲ್ಲವೆಂದು ನಾವು ಬಲ್ಲೆವು. ಒಬ್ಬನು ಮಾತ್ರ ಬಲೆ ಎತ್ತಿದರೆ ಅವನಿಗೆ ನಷ್ಟ, ನೆರೆಯವನಿಗೆ ಲಾಭ. ಎಲ್ಲರೂ ಒಂದೇ ಗಳಿಗೆಯಲ್ಲಿ ಎತ್ತಿದರೆ ಎಲ್ಲರಿಗೂ ಬಾಳು. ಆದದರಿಂದ ಊರಿನ ಕೆರೆಯಾಗಲಿ, ಹುಲ್ಲುಗಾವಲಾಗಲಿ, ಸೌದೆಯ ಕಾಡಾಗಲಿ, ನಾವು ಒಟ್ಟಾಗಿ ಕೂತು ಎಲ್ಲೆಯನ್ನು ಗೊತ್ತುಮಾಡಿ, ಬಲವಂತನೂ ಬಡವನೂ ಅದನ್ನು ಒಂದೇ ರೀತಿ ಕೈಕೊಳ್ಳುವಂತೆ ನಡೆಯೋಣ.

ತುಂಬಿದ ಬಲೆಯನ್ನು ಕೊಟ್ಟ ಕರ್ತನು, ಸಾಕು ಎಂದು ಕೈ ನಿಲ್ಲಿಸುವ ಮನಸ್ಸನ್ನೂ ನಮಗೆ ಕೊಡಲಿ. ಆಮೆನ್.