ಲೆಮೆಕನ ಹಾಡೂ ಹೇಬೆಲನ ರಕ್ತವೂ

ಓದತಕ್ಕ ವೇದಭಾಗ: ಆದಿಕಾಂಡ 4ನೆಯ ಅಧ್ಯಾಯ

ಈ ಅಧ್ಯಾಯದಲ್ಲಿ ನಾವು ಕಾಯಿನನು ತನ್ನ ತಮ್ಮನನ್ನು ಹೊಲದಲ್ಲಿ ಕೊಂದ ಸಂಗತಿಯ ವರೆಗೆ ಓದಿ ಪುಸ್ತಕವನ್ನು ಮುಚ್ಚಿಬಿಡುವದುಂಟು. ಇನ್ನಷ್ಟು ಮುಂದೆ ಓದಿದರೆ ಅದೇ ಕಾಯಿನನ ಸಂತಾನದಲ್ಲಿ ಲೆಮೆಕನೆಂಬವನು ಕಾಣಿಸಿಕೊಳ್ಳುತ್ತಾನೆ. ಇವನು ಒಬ್ಬನನ್ನು ಕೊಂದು, ಆ ಕೊಲೆಯನ್ನೇ ಪದವಾಗಿ ಕಟ್ಟಿ ತನ್ನ ಇಬ್ಬರು ಹೆಂಡಂದಿರ ಮುಂದೆ ಕೊಚ್ಚಿಕೊಂಡನು. ಮೊದಲನೆಯ ಕೊಲೆಯಾದ ಅಧ್ಯಾಯದಲ್ಲಿಯೇ ಕೊಲೆಗಾರನ ಮೊದಲನೆಯ ಲಾವಣಿಯೂ ಹುಟ್ಟಿತು. ಲೆಮೆಕನ ಕೈಯಿಂದ ಸತ್ತವನ ಹೆಸರು ಮಾತ್ರ ಅಲ್ಲಿ ಇಲ್ಲ.

ಸುಗ್ಗಿಯಲ್ಲಿ ಕಣದ ಕಾವಲಿಗೆ ಕುಳಿತ ನಮ್ಮ ಹುಡುಗರು ದರೋಡೆಗಾರರ ಹಾಡುಗಳನ್ನು ಹಾಡುವದನ್ನು ನಾವು ಕೇಳಿದ್ದೇವೆ. ಅವರನ್ನು ಗದರಿಸುವದಕ್ಕೆ ನಮಗೆ ಬಾಯಿಲ್ಲ. ಬಾಲ್ಯದಲ್ಲಿ ಅಂಥದೇ ಕಣದಲ್ಲಿ ಕುಳಿತು ನಾವೂ ಮೈಮರೆತು ಕೇಳಿದವರೇ. ನಮ್ಮ ಸೀಮೆಯ ಕಳ್ಳರ ಮಾತೆತ್ತಿದರೆ ಊರಲ್ಲಿ ಪಕ್ಷಗಳು ಏಳುವವು. ಆದಕಾರಣ ದೂರದೇಶದ ಒಬ್ಬನ ಸಂಗತಿಯನ್ನು ಹೇಳುವೆವು. ಅವನು ಹುಟ್ಟಿದ್ದು ಒಬ್ಬ ಬೋಧಕನ ಮನೆಯಲ್ಲಿ ಎಂಬದೂ ಅವನನ್ನು ಆರಿಸಿದ್ದಕ್ಕೆ ಇನ್ನೊಂದು ಕಾರಣ.

ಅಮೆರಿಕಾ ದೇಶದ ಮಿಸ್ಸೂರಿ ಸಂಸ್ಥಾನದಲ್ಲಿ, ನಮ್ಮ ತಾಲೂಕಿನ ಹಾಗೆ, ಕ್ಲೇ ಕೌಂಟಿಯೆಂಬ ಬೇಸಾಯದ ಸೀಮೆಯೊಂದು ಆಗ ಇತ್ತು. ಅಲ್ಲಿ ರಾಬರ್ಟ್ ಜೇಮ್ಸ್ ಎಂಬವರು ಬ್ಯಾಪ್ಟಿಸ್ಟ್ ಸಭೆಯ ಬೋಧಕರಾಗಿದ್ದರು. 1849ರಲ್ಲಿ ಲಿಬರ್ಟಿ ಪಟ್ಟಣದಲ್ಲಿ ವಿಲಿಯಂ ಜುವೆಲ್ ಕಾಲೇಜು ಸ್ಥಾಪಿತವಾದಾಗ ಅದಕ್ಕಾಗಿ ದುಡಿದವರಲ್ಲಿ ಇವರೂ ಒಬ್ಬರು. 1850ರಲ್ಲಿ ಚಿನ್ನ ಅಗೆಯುವವರಿಗೆ ಬೋಧಿಸಲು ಕ್ಯಾಲಿಫೋರ್ನಿಯಕ್ಕೆ ಹೋಗಿ, ಕೆಲವೇ ತಿಂಗಳಲ್ಲಿ ಅಲ್ಲಿಯೇ ತೀರಿಕೊಂಡರು. ಕಿರಿಯ ಮಗ ಜೆಸ್ಸಿಗೆ ಆಗ ಮೂರು ವರುಷ ತುಂಬಿರಲಿಲ್ಲ. ಈ ಬೋಧಕರ ಮನೆಯಲ್ಲಿ ದಾಸರೂ ಇದ್ದರು. ಆದಿತ್ಯವಾರ ಕರ್ತನ ಪ್ರೀತಿಯನ್ನು ಸಾರಿದವರು ಸೋಮವಾರ ಕೊಂಡುತಂದ ಮನುಷ್ಯರಿಂದ ಹೊಲದ ಕೆಲಸ ಮಾಡಿಸುತ್ತಿದ್ದರು. ತಲೆತಲಾಂತರ ಪರರ ಹೊಲದಲ್ಲಿ ಬಿಟ್ಟಿ ದುಡಿದ ಮನೆತನಗಳು ನಮ್ಮ ಸಭೆಗಳಲ್ಲಿ ಎಷ್ಟೋ ಇರುವಾಗ, ನಾವು ಈ ಮಾತನ್ನು ಮರೆಮಾಡಲಾರೆವು.

1861ರಿಂದ 1865ರ ವರೆಗೆ ದಾಸತ್ವದ ನಿಮಿತ್ತ ಆ ದೇಶವು ಎರಡಾಗಿ ಕಾದಾಡಿತು. ಜೇಮ್ಸ್ ಮನೆಯ ಮಕ್ಕಳು ದಾಸತ್ವದ ಪಕ್ಷ ಹಿಡಿದು, ಮೊದಲು ಫ್ರಾಂಕನೂ ಅನಂತರ 1864ರಲ್ಲಿ ಹದಿನಾರರ ಹುಡುಗ ಜೆಸ್ಸಿಯೂ, ಕಾಡುಗಳಲ್ಲಿ ಅಡಗಿ ಹೊಡೆಯುವ ದಂಡುಗಳಿಗೆ ಸೇರಿದರು. ಯುದ್ಧ ನಿಂತರೂ ಆ ಕೈಗಳು ನಿಲ್ಲಲಿಲ್ಲ.

1866ನೆಯ ಫೆಬ್ರವರಿ 13ರಂದು ಹಳೆಯ ದಂಡಿನವರು ಲಿಬರ್ಟಿಯ ಬ್ಯಾಂಕಿಗೆ ನುಗ್ಗಿ ಸುಮಾರು 60,000 ಡಾಲರುಗಳನ್ನು ದೋಚಿದರು. ಆ ದಿನ ಜೆಸ್ಸಿ ಜೊತೆಯಲ್ಲಿದ್ದನೋ ಎಂಬದು ಇಂದಿಗೂ ವಾದದಲ್ಲಿದೆ. ಬೀದಿಯಲ್ಲಿ ಜಾರ್ಜ್ ವೈಮೋರ್ ಎಂಬ ವಿದ್ಯಾರ್ಥಿಯು ಅವರ ಗುಂಡಿಗೆ ಬಿದ್ದನು. ಅವನು ಓದುತ್ತಿದ್ದದ್ದು ವಿಲಿಯಂ ಜುವೆಲ್ ಕಾಲೇಜಿನಲ್ಲಿಯೇ! ತಂದೆ ಕಟ್ಟಲು ದುಡಿದ ವಿದ್ಯಾಲಯದ ಹುಡುಗನನ್ನು ಮಕ್ಕಳ ಸಂಗಡಿಗರು ಕೊಂದರು.

ಜೆಸ್ಸಿಯು ಸ್ವಂತ ಊರಿನ ಸಭೆಗೆ ಸೇರಿದ್ದನು. 1869ರಲ್ಲಿ ಅವನ ಹೆಸರು ಸಭೆಯ ಪಟ್ಟಿಯಿಂದ ತೆಗೆಯಲ್ಪಟ್ಟಿತು. ಅದೇ ವರುಷ ಡಿಸೆಂಬರಿನಲ್ಲಿ ಗ್ಯಾಲಟಿನ್ ಪಟ್ಟಣದ ಬ್ಯಾಂಕಿನಲ್ಲಿ ಜಾನ್ ಶೀಟ್ಸ್ ಎಂಬವರು, ಹಳೆಯ ಶತ್ರುವೆಂಬ ತಪ್ಪು ಗುರುತಿನಿಂದ, ಕೊಲ್ಲಲ್ಪಟ್ಟರು. ಸೇಡೆಂಬದು ಮುಖವನ್ನು ಸಹ ಸರಿಯಾಗಿ ನೋಡುವದಿಲ್ಲ.

ಇಷ್ಟಾದ ಮೇಲೆ ಹಾಡು ಹುಟ್ಟಿತು. ಜಾನ್ ಎಡ್ವರ್ಡ್ಸ್ ಎಂಬ ಪತ್ರಿಕಾಕರ್ತನು, ಯುದ್ಧದಲ್ಲಿ ಸೋತ ಪಕ್ಷದವನು, 1872ರಲ್ಲಿ ಕಾನ್ಸಸ್ ಸಿಟಿಯ ಜಾತ್ರೆಯ ಬಾಗಿಲಲ್ಲಿ ನಡೆದ ದರೋಡೆಯನ್ನು ಪೂರ್ವಕಾಲದ ವೀರರ ಸಾಹಸವೆಂಬಂತೆ ಕೊಂಡಾಡಿದನು. ಆ ದರೋಡೆಯಲ್ಲಿ ಗಾಯಗೊಂಡದ್ದು ಒಂದು ಚಿಕ್ಕ ಹೆಣ್ಣು ಕೂಸು. ಬಡವರಿಗೆ ಹಂಚಿದನೆಂಬ ಮಾತೂ ಹೀಗೆಯೇ ಬೆಳೆಯಿತು. ಹಂಚಿದ್ದಕ್ಕೆ ಸಾಕ್ಷಿಯಂತೂ ಸಿಕ್ಕಿಲ್ಲ.

ಆದರೆ ಹಾಡು ಕಟ್ಟಿದವರು ಇವರಷ್ಟೇ ಅಲ್ಲ, ಹಿಡಿಯಬಂದವರೂ ಅದಕ್ಕೆ ಒಂದು ನುಡಿಯನ್ನು ಕೂಡಿಸಿಕೊಟ್ಟರು. 1875ರ ಜನವರಿಯ ಒಂದು ರಾತ್ರಿ ಪಿಂಕರ್ಟನ್ ಎಂಬ ಪತ್ತೇದಾರಿ ಸಂಸ್ಥೆಯವರು ಆ ಮನೆಯನ್ನು ಸುತ್ತುಗಟ್ಟಿ, ಕಿಟಕಿಯೊಳಗಿಂದ ಉರಿಯುವ ಗುಂಡನ್ನು ಎಸೆದರು. ಮಕ್ಕಳಿಬ್ಬರೂ ಮನೆಯಲ್ಲಿರಲಿಲ್ಲ. ಅವರ ಮಲತಮ್ಮ ಆರ್ಚಿಯೆಂಬ ಎಂಟು ವರುಷದ ಹುಡುಗನು ಸತ್ತನು. ತಾಯಿ ಜೆರೆಲ್ಡಾ ಒಂದು ಕೈಯನ್ನು ಕಳಕೊಂಡಳು. ಅಲ್ಲಿಂದ ಮುಂದೆ ಊರೆಲ್ಲಾ ದರೋಡೆಗಾರನಿಗಾಗಿ ಮರುಗಿತು. ಕಾಯಿನನನ್ನು ಯಾರೂ ಕೊಲ್ಲದಂತೆ ದೇವರು ಅವನಿಗೆ ಗುರುತಿಟ್ಟದ್ದು ಯಾಕೆಂದು ವೇದಪಾಠಶಾಲೆಯಲ್ಲಿ ನಮಗೆ ಎಷ್ಟು ಬಿಡಿಸಿ ಹೇಳಿದರೂ ತಿಳಿದಿರಲಿಲ್ಲ. ಈ ರಾತ್ರಿಯ ಸಂಗತಿಯನ್ನು ಓದಿದ ಮೇಲೆ ಅಲ್ಪಸ್ವಲ್ಪ ತಿಳಿಯಿತು.

1876ನೆಯ ಸೆಪ್ಟೆಂಬರ್ 7ರಂದು ಎಂಟು ಮಂದಿ ಕುದುರೆಗಳನ್ನೇರಿ ಮಿನ್ನೆಸೋಟ ಸಂಸ್ಥಾನದ ನಾರ್ತ್‌ಫೀಲ್ಡ್ ಪಟ್ಟಣಕ್ಕೆ ಬಂದರು. ಬ್ಯಾಂಕಿನಲ್ಲಿದ್ದ ಜೋಸೆಫ್ ಲೀ ಹೇವುಡ್ ಎಂಬವರು ಲೆಕ್ಕ ಬರೆಯುವವರು. ಸಭೆಗಳವರು ಸ್ಥಾಪಿಸಿದ ಕಾರ್ಲ್‌ಟನ್ ಕಾಲೇಜಿನ ಖಜಾಂಚಿಯೂ ಅವರೇ. ತಲೆಗೆ ಪಿಸ್ತೂಲು ಹಿಡಿದರೂ ಅವರು ಪೆಟ್ಟಿಗೆಯನ್ನು ತೆರೆದುಕೊಡಲಿಲ್ಲ. ಪರರ ಹಣ ತನ್ನ ಕೈಯಲ್ಲಿದೆಯೆಂಬ ಒಂದೇ ಕಾರಣಕ್ಕೆ ಎಂದು ನಾವು ನಂಬುತ್ತೇವೆ. ಅವರನ್ನು ಕೊಂದರು. ಹೊರಗೆ ನಿಕೊಲಸ್ ಗುಸ್ತಾವ್ಸನ್ ಎಂಬ ಸ್ವೀಡನ್ ದೇಶದ ವಲಸೆಗಾರನಿಗೂ ಗುಂಡು ತಗಲಿ, ಕೆಲವು ದಿನಗಳಲ್ಲಿ ಸತ್ತನು. ಊರವರು ಬಂದೂಕು ಹಿಡಿದು ನಿಂತರು. ದರೋಡೆಗಾರರಲ್ಲಿ ಇಬ್ಬರು ಬೀದಿಯಲ್ಲೇ ಬಿದ್ದರು. ಜೇಮ್ಸ್ ಸಹೋದರರು ತಪ್ಪಿಸಿಕೊಂಡರು.

1882ನೆಯ ಏಪ್ರಿಲ್ 3ರಂದು ಸೇಂಟ್ ಜೋಸೆಫ್ ಪಟ್ಟಣದ ಮನೆಯಲ್ಲಿ ಜೆಸ್ಸಿಯು ಗೋಡೆಯ ಪಟವನ್ನು ಸರಿಪಡಿಸಲು ಕುರ್ಚಿಯನ್ನೇರಿದಾಗ, ಅವನ ಅನ್ನ ಉಂಡ ಸಂಗಡಿಗ ರಾಬರ್ಟ್ ಫೋರ್ಡನು ಬಹುಮಾನದಾಸೆಗೆ ಹಿಂದಿನಿಂದ ಗುಂಡು ಹಾರಿಸಿದನು. ಹೆಸರು ತೆಗೆದುಹಾಕಿದ ಅದೇ ಸಭೆಯ ದೇವಾಲಯದಲ್ಲಿ ಶವಸಂಸ್ಕಾರದ ಆರಾಧನೆ ನಡೆಯಿತು. ಆ ಸಭೆಯವರು ಬಾಗಿಲು ಮುಚ್ಚದೆ ಹೋದದ್ದನ್ನು ನಾವು ಮೆಚ್ಚುತ್ತೇವೆ. ಕೆಲವರು ಇದಕ್ಕೆ ಒಪ್ಪಲಾರರು. ಶವವನ್ನು ತಾಯಿಯ ಅಂಗಳದಲ್ಲಿ ಹೂಳಿದರು. ಆಕೆ ಸಮಾಧಿಯ ಮೇಲಿನ ಕಲ್ಲುಹರಳುಗಳನ್ನು ನೋಡಬಂದವರಿಗೆ ಮಾರುತ್ತಿದ್ದಳು. ತೀರಿದಾಗ ಹಳ್ಳದಿಂದ ಹೊಸ ಹರಳುಗಳನ್ನು ತಂದು ಹಾಕುತ್ತಿದ್ದಳಂತೆ. ಒಂಟಿ ಕೈಯ ಮುದುಕಿಯನ್ನು ನಾವು ಆಕ್ಷೇಪಿಸುವದಿಲ್ಲ. ಕೊಂಡವರು ಇದ್ದರಲ್ಲಾ! ವೈಮೋರನ ಸಮಾಧಿಯಿಂದ ಹರಳು ಕೊಂಡವರಿಲ್ಲ.

ನಾರ್ತ್‌ಫೀಲ್ಡಿನವರಾದರೋ ಬೇರೆ ಕೆಲಸ ಮಾಡಿದ್ದಾರೆ. ಪ್ರತಿ ಸೆಪ್ಟೆಂಬರಿನಲ್ಲಿ ಆ ದಿನವನ್ನು ಸ್ಮರಿಸುವ ಉತ್ಸವದಲ್ಲಿ ಕುದುರೆಯೂ ಬಂದೂಕಿನ ಸದ್ದೂ ಇದ್ದರೂ, ಹೇವುಡರ ಸಮಾಧಿಯ ಬಳಿ ಕೂಡಿ ಅವರನ್ನು ನೆನಸುತ್ತಾರೆ.

ಇದನ್ನು ತಿಳಿದ ಮೇಲೆ ಹೋದ ಸುಗ್ಗಿಯಲ್ಲಿ ಕಣದ ಹುಡುಗರನ್ನು ನಾವು ಒಂದೇ ಮಾತು ಕೇಳಿದೆವು: ಅಪ್ಪಗಳಿರಾ, ನೀವು ಹಾಡುವ ಪದದಲ್ಲಿ ಸತ್ತವರ ಹೆಸರೇನು? ಯಾರಿಗೂ ಗೊತ್ತಿರಲಿಲ್ಲ. ಕಣದ ಆಚೆಯ ಗುಡಿಸಲಲ್ಲಿ ನಮ್ಮ ಸಭೆಯ ಒಬ್ಬ ತಾಯಿ ಇದ್ದಾಳೆ. ಆಕೆಯ ಗಂಡನು ಸಂತೆಯಿಂದ ಎತ್ತು ಮಾರಿ ಬರುವಾಗ ದಾರಿಗಳ್ಳರ ಕೈಯಲ್ಲಿ ಸತ್ತು ಬಹಳ ವರುಷಗಳಾದವು. ಹಾಡು ಎದ್ದಾಗಲೆಲ್ಲಾ ಆಕೆ ದೀಪ ತೆಗೆದುಕೊಂಡು ಒಳಗೆ ಹೋಗಿ ಕದ ಹಾಕಿಕೊಳ್ಳುತ್ತಿದ್ದಳೆಂಬದನ್ನು ಅಷ್ಟು ವರುಷ ಉಪದೇಶ ಮಾಡಿದ ನಾವು ಗಮನಿಸಿರಲಿಲ್ಲ. ಆ ಆದಿತ್ಯವಾರ ಸಭೆಯ ಪ್ರಾರ್ಥನೆಯಲ್ಲಿ ಅವನ ಹೆಸರನ್ನು ಹಿಡಿದು ಹೇಳಿದೆವು. ಆರಾಧನೆ ಮುಗಿದ ಮೇಲೆ ಇಬ್ಬರು ಹುಡುಗರು ಆಕೆಯ ಗುಡಿಸಲಿಗೆ ಹೋಗಿ, ಜಗಲಿಯ ಮೇಲೆ ಕುಳಿತು, ಅವನು ಎಂಥ ಮನುಷ್ಯನಾಗಿದ್ದನೆಂದು ಕೇಳಿದರು. ಕತ್ತಲಾಗುವ ವರೆಗೆ ಆಕೆ ಹೇಳುತ್ತಲೇ ಇದ್ದಳು.