ತುಳಸಿಯ ಸರದಿ

ವೈಟ್‌ಫೀಲ್ಡಿನ ಅಪಾರ್ಟ್‌ಮೆಂಟುಗಳ ಗೇಟಿನ ಬಳಿ ಸಂಜೆ ಶಾಲೆಯ ವ್ಯಾನಿಗೆ ಕಾಯುವವರಲ್ಲಿ ಅಜ್ಜಿಯರೇ ಹೆಚ್ಚು. ಮಗ, ಸೊಸೆ ಇಬ್ಬರೂ ಐಟಿ ಕೆಲಸದಲ್ಲಿ. ಮೊಮ್ಮಗುವನ್ನು ನೋಡಿಕೊಳ್ಳಲೆಂದು ಹಾಸನದಿಂದಲೋ ಶಿರಸಿಯಿಂದಲೋ ಗದಗದಿಂದಲೋ ಬಂದವರು. ಒಬ್ಬರ ಊರು ಇನ್ನೊಬ್ಬರಿಗೆ ಗೊತ್ತಿಲ್ಲ. ಹಾಗಿದ್ದೂ ‘ನಿನ್ನೆ ತುಳಸಿ ಏನ್ ಮಾಡಿದ್ಲು, ನೋಡಿದ್ರಾ?’ ಎಂದು ಯಾರಾದರೂ ಕೇಳಿದರೆ ಸಾಕು, ಹತ್ತು ನಿಮಿಷದಲ್ಲಿ ಸ್ನೇಹವಾಗಿಬಿಡುತ್ತಿತ್ತು. 2022ರಲ್ಲಿ ಜೀ ಕನ್ನಡದಲ್ಲಿ ಶುರುವಾದ ‘ಶ್ರೀರಸ್ತು ಶುಭಮಸ್ತು’ ಧಾರಾವಾಹಿಯ ತುಳಸಿ ಅವಳು. ಗಂಡನನ್ನು ಕಳೆದುಕೊಂಡು, ಮಗನನ್ನು ಬೆಳೆಸಿ, ಅಡುಗೆಮನೆಯಲ್ಲೇ ಆಯಸ್ಸು ಸವೆಸಿದ ನಡುವಯಸ್ಸಿನ ಹೆಂಗಸು. ಅವಳಿಗೆ ಮಾಧವ ಎಂಬ ವಿಧುರನ ಸ್ನೇಹವಾಗುತ್ತದೆ, ಮುಂದೆ ಮದುವೆಯೂ ಆಗುತ್ತದೆ. ಅದಕ್ಕೆ ಒತ್ತಾಸೆಯಾಗಿ ನಿಲ್ಲುವವಳು ಸೊಸೆ.

ತುಳಸಿಯಾದವರು ಸುಧಾರಾಣಿ. ಮೂರು ವರ್ಷದ ಮಗುವಾಗಿದ್ದಾಗಲೇ ಬಿಸ್ಕತ್ತಿನ ಜಾಹೀರಾತಿಗೆ ರೂಪದರ್ಶಿಯಾದವರು, ಆಮೇಲೆ ಬಾಲನಟಿ. 1986ರಲ್ಲಿ ಸಿಂಗೀತಂ ಶ್ರೀನಿವಾಸರಾವ್ ಅವರ ‘ಆನಂದ್’ ಚಿತ್ರದ ನಾಯಕಿಯಾದಾಗ ಅವರದಿನ್ನೂ ಶಾಲೆಗೆ ಹೋಗುವ ವಯಸ್ಸು. ‘ಪಂಚಮವೇದ’ಕ್ಕೂ ‘ಮೈಸೂರು ಮಲ್ಲಿಗೆ’ಗೂ ರಾಜ್ಯಪ್ರಶಸ್ತಿ ಬಂತು. ನಾಗಾಭರಣರ ಆ ಎರಡನೆಯ ಚಿತ್ರದಲ್ಲಿ ಅವರನ್ನು ಕಂಡವರು, ಕೆ.ಎಸ್. ನರಸಿಂಹಸ್ವಾಮಿಯವರ ಪದ್ಯ ಓದುವಾಗ ಇಂದಿಗೂ ಅವರ ಮುಖವನ್ನೇ ನೆನೆಯುತ್ತಾರೆ. ‘ಆನಂದ್’ ಮೂಲಕ ಅವರ ಜೊತೆಗೇ ನಾಯಕನಾಗಿ ಬಂದ ಶಿವರಾಜ್‌ಕುಮಾರ್ ಇಂದಿಗೂ ನಾಯಕರೇ. ಹೆಣ್ಣಿನ ವಿಷಯದಲ್ಲಿ ಚಿತ್ರರಂಗಕ್ಕೆ ಅಷ್ಟು ಸಹನೆಯಿಲ್ಲ. ನಲವತ್ತು ದಾಟುವ ಮೊದಲೇ ಅವಳನ್ನು ಯಾರದೋ ಅಕ್ಕ, ಅತ್ತಿಗೆ, ಅಮ್ಮನನ್ನಾಗಿ ಮಾಡಿ ಪಕ್ಕಕ್ಕೆ ನಿಲ್ಲಿಸುತ್ತದೆ. ಹಾಗಾಗಿ ಕಿರುತೆರೆ ಸುಧಾರಾಣಿಯವರನ್ನು ತಾಯಿಯ ವಯಸ್ಸಿನಲ್ಲೇ ಕಥೆಯ ನಡುವೆ ನಿಲ್ಲಿಸಿದ್ದು ಸಣ್ಣ ಮಾತಲ್ಲ. ಧಾರಾವಾಹಿಗಳನ್ನು ಹಗುರವಾಗಿ ಕಾಣುವ ಬುದ್ಧಿವಂತರು ಇದನ್ನಾದರೂ ಗಮನಿಸಬೇಕು.

ಪೀಣ್ಯದಲ್ಲಿ ಗಾರ್ಮೆಂಟ್ಸ್ ಪಾಳಿ ಮುಗಿಸಿ ಬರುವ ಹೆಣ್ಣುಮಕ್ಕಳೂ ಒಂದು ಕೈಯಲ್ಲಿ ಬಸ್ಸಿನ ಕಂಬಿ ಹಿಡಿದು, ಇನ್ನೊಂದರಲ್ಲಿ ಮೊಬೈಲ್ ಹಿಡಿದು ಧಾರಾವಾಹಿ ನೋಡುತ್ತಾರೆ. ಕಾಲಹರಣಕ್ಕೆ ನೋಡುತ್ತಾರೆ ಎಂದಷ್ಟೇ ನನಗೆ ಅನಿಸುವುದಿಲ್ಲ. ತಮ್ಮಂಥವಳ ಆಸೆ, ಅಂಜಿಕೆ, ಹಟಗಳನ್ನು ಅರ್ಧ ಗಂಟೆ ಯಾರೋ ಗಂಭೀರವಾಗಿ ತೆಗೆದುಕೊಂಡಿದ್ದಾರಲ್ಲ, ಆ ಸಮಾಧಾನ ಅದರಲ್ಲಿದೆ. ಅಷ್ಟು ಗಮನ ನಮ್ಮ ನಮ್ಮ ಮನೆಯ ಅಮ್ಮನಿಗೆ ಸಿಕ್ಕಿದೆಯೇ? ‘ಅಮ್ಮ ಇದ್ದಾರೆ, ಮಗುವಿನ ಚಿಂತೆಯಿಲ್ಲ’ ಎಂದು ಆಫೀಸಿನಲ್ಲಿ ಹೇಳುವ ನಾವು, ಅಮ್ಮನ ಚಿಂತೆ ಏನೆಂದು ಕೇಳುವುದಿಲ್ಲ. ಆಕೆ ಊರಿನಲ್ಲಿ ಭಜನಾ ಮಂಡಳಿಗೆ ಹಾರ್ಮೋನಿಯಂ ನುಡಿಸುತ್ತಿದ್ದರೋ, ಮಹಿಳಾ ಸಂಘದ ಲೆಕ್ಕ ಬರೆಯುತ್ತಿದ್ದರೋ, ಇಲ್ಲಿ ಹನ್ನೆರಡನೇ ಮಹಡಿಯಲ್ಲಿ ಕುಕ್ಕರಿನ ಸೀಟಿ ಎಣಿಸುವಾಗ ಅದು ಯಾರಿಗೂ ನೆನಪಾಗುವುದಿಲ್ಲ.

ಅಮ್ಮನತ್ತ ಗಮನ ಕೊಡುವುದು ದೊಡ್ಡ ತ್ಯಾಗ ಬೇಡುವ ಧರ್ಮವೇನಲ್ಲ. ಭಾನುವಾರ ಮಗುವನ್ನು ನಾವೇ ನೋಡಿಕೊಂಡು ಆಕೆಗೆ ಬಿಡುವು ಕೊಡಬಹುದು. ಮೆಟ್ರೊ ಕಾರ್ಡ್ ಮಾಡಿಸಿಕೊಟ್ಟು, ಒಂದೆರಡು ಸಲ ಜೊತೆಗೆ ಹೋಗಿ ಬಂದರೆ, ಮುಂದಿನ ಸಲ ಮಲ್ಲೇಶ್ವರದ ತಂಗಿಯ ಮನೆಗೆ ಆಕೆ ಒಬ್ಬರೇ ಹೋಗಿಬರುತ್ತಾರೆ. ದೀಪಾವಳಿಗೆ ಬಸ್ ಟಿಕೆಟ್ ಬುಕ್ ಮಾಡುವ ಮೊದಲು ‘ನೀವು ಯಾವತ್ತು ಹೋಗ್ಬೇಕು ಅಂತಿದ್ದೀರಮ್ಮ? ಎಷ್ಟು ದಿನ ಇರ್ತೀರಿ?’ ಎಂದು ಕೇಳಿ, ಆಕೆ ಹೇಳಿದ ದಿನಕ್ಕೇ ನಮ್ಮ ರಜೆಯನ್ನು ಹೊಂದಿಸಿಕೊಳ್ಳಬಹುದು.