ಐದು ಪದರದ ಕೌದಿ

ಧಾರವಾಡದಲ್ಲಿ ಮಾರ್ಗಶಿರದ ನಸುಕು. ಕಿಟಕಿಯಾಚೆ ಇಬ್ಬನಿ. ಕೌದಿಯೊಳಗೆ ಮುದುಡಿಕೊಂಡು ಒಂದು ಕೈಯನ್ನು ಅದರ ಒಳಮೈಗೆ ಒತ್ತಿ ಹಿಡಿಯುತ್ತೇನೆ. ಇನ್ನೊಂದು ಕೈ ಹೊರಗೆ ಚಾಚಿ ಅದೇ ಜಾಗದ ಮೇಲೆ ಇಡುತ್ತೇನೆ. ಎರಡು ಅಂಗೈಗಳ ನಡುವೆ ಇರುವುದು ಕಿರುಬೆರಳಿನ ದಪ್ಪವೂ ಇಲ್ಲದ ಹಳೇ ಬಟ್ಟೆ. ಒಳಗಿನ ಕೈಗೆ ವೈಶಾಖ, ಹೊರಗಿನ ಕೈಗೆ ಧನುರ್ಮಾಸ. ಇಷ್ಟು ಸಣ್ಣ ಜಾಗದಲ್ಲಿ ಎರಡು ಋತುಗಳು ಹೇಗೆ ಹಿಡಿಸಿದವು ಎಂಬ ಬೆರಗು ನನಗೆ ಆರನೇ ವಯಸ್ಸಿನಿಂದ ಇದೆ.

ಆಗ ಆಯಿಯನ್ನು ಕೇಳಿದ್ದೆ. "ಆಯಿ, ಕೌದಿಗೆ ಬಿಸಿ ಎಲ್ಲಿಂದ ಬರತೈತಿ?"

ಅವಳು ಸೂಜಿಗೆ ದಾರ ಪೋಣಿಸುತ್ತಿದ್ದಳು. ತಲೆ ಎತ್ತದೆ ಹೇಳಿದಳು: "ಕೌದಿಗೆಲ್ಲಿ ಬಿಸಿ ಐತೊ ತಮ್ಮಾ? ಬಿಸಿ ನಿಂದ. ಅದು ಲಗೂನ ಹೋಗಲಾರದಂಗ ನೋಡಕೋತೈತಿ, ಅಷ್ಟ."

ಲಗೂನ ಹೋಗಲಾರದ ಹಾಗೆ. ಹೋಗುವುದೇ ಇಲ್ಲ ಎಂದು ಅವಳು ಹೇಳಲಿಲ್ಲ. ಇಂಜಿನಿಯರಿಂಗ್ ಹುಡುಗರಿಗೆ ಉಷ್ಣ ವಹನದ ಪಾಠ ಹೇಳಲು ಶುರು ಮಾಡಿ ಎಷ್ಟೋ ವರ್ಷಗಳಾದ ಮೇಲೆ ಆ ಮಾತಿನ ನಿಖರತೆ ನನಗೆ ಹೊಳೆಯಿತು.

ತರಗತಿಯಲ್ಲಿ ನಾನು ಬೋರ್ಡಿನ ಮೇಲೆ ಗೋಡೆ ಬರೆಯುತ್ತೇನೆ. ಗಿಲಾವು, ಇಟ್ಟಿಗೆ, ಮತ್ತೆ ಗಿಲಾವು. ಪ್ರತಿ ಪದರಕ್ಕೂ ಕೆಳಗೆ ಒಂದು ಅಂಕುಡೊಂಕು ಗೆರೆ, ಅದು ಉಷ್ಣರೋಧ. ಪದರದ ದಪ್ಪವನ್ನು ಅದರ ವಾಹಕತೆಯಿಂದಲೂ ವಿಸ್ತೀರ್ಣದಿಂದಲೂ ಭಾಗಿಸಿದರೆ ರೋಧ ಸಿಕ್ಕಿತು. ಸಾಲಾಗಿ ನಿಂತ ರೋಧಗಳನ್ನು ಕೂಡು, ಎರಡು ಬದಿಯ ತಾಪದ ಅಂತರವನ್ನು ಆ ಮೊತ್ತದಿಂದ ಭಾಗಿಸು, ಹರಿಯುವ ಶಾಖ ಎಷ್ಟೆಂದು ತಿಳಿಯಿತು. ಹಿಂದಿನ ವಾರವಷ್ಟೇ ಪುಟಗಟ್ಟಲೆ ಅವಕಲನ ಸಮೀಕರಣ ಬಿಡಿಸಿ ದಣಿದ ಹುಡುಗರು ಇದನ್ನು ನೋಡಿ "ಇಷ್ಟೇನಾ ಸರ್?" ಎನ್ನುತ್ತಾರೆ. ಇಷ್ಟೇ. ನಿಸರ್ಗದ ಒಂದು ನಿಯಮ ಮೂರನೇ ಇಯತ್ತೆಯ ಕೂಡುವ ಲೆಕ್ಕಕ್ಕೆ ಬಂದು ನಿಲ್ಲುವ ಗಳಿಗೆಯಲ್ಲಿ ನನಗೆ ಪ್ರತಿ ವರ್ಷವೂ ಗಂಟಲು ತುಸು ಕಟ್ಟುತ್ತದೆ.

ಕೌದಿಗೂ ಅದೇ ಲೆಕ್ಕ. ಆಯಿಯ ಕೌದಿ ಐದು ಪದರದ್ದು, ಒಟ್ಟು ದಪ್ಪ ಸುಮಾರು 8 ಮಿಲಿಮೀಟರ್. ಗಾಳಿ ತುಂಬಿದ ಹತ್ತಿಬಟ್ಟೆಯ ವಾಹಕತೆ 0.05 ಎಂದು ಹಿಡಿದರೆ ಒಂದು ಚದರ ಮೀಟರಿಗೆ ರೋಧ 0.16. ಅಂದರೆ ಅಷ್ಟು ಜಾಗದಲ್ಲಿ ಒಂದು ವ್ಯಾಟ್ ದಾಟಿಸಲು 0.16 ಡಿಗ್ರಿ ವ್ಯತ್ಯಾಸ ಬೇಕು. ಕೌದಿಯ ಹೊರಮೈಗೆ ಅಂಟಿಕೊಂಡಂತೆ ನಿಂತಿರುವ ಗಾಳಿಯ ತೆಳು ಪೊರೆಗೆ ಇನ್ನೊಂದು 0.12 ಸೇರಿಸಬೇಕು. ಒಟ್ಟು 0.28. ಚರ್ಮ 33 ಡಿಗ್ರಿ, ಕೋಣೆ 15. ಅಂತರ 18ನ್ನು 0.28ರಿಂದ ಭಾಗಿಸಿದರೆ ಚದರ ಮೀಟರಿಗೆ 64 ವ್ಯಾಟ್. ಗಾದಿಯ ಕಡೆಗೆ ಹೋಗುವುದನ್ನು ಬಿಟ್ಟು, ಹೊದಿಕೆಯ ಕಡೆಯ ಮೈ ಸುಮಾರು 1.2 ಚದರ ಮೀಟರ್ ಎಂದುಕೊಂಡರೆ ಸುಮಾರು 77 ವ್ಯಾಟ್. ನಿದ್ದೆ ಹೋದ ಮನುಷ್ಯನ ಒಡಲು ಹುಟ್ಟಿಸುವ ಶಾಖವೂ ಹೆಚ್ಚುಕಡಿಮೆ ಅಷ್ಟೇ, 70ರಿಂದ 80 ವ್ಯಾಟ್. ಮೊದಲ ಸಲ ಈ ಎರಡು ಅಂಕಿ ಎದುರುಬದುರು ಬಂದಾಗ ಪೆನ್ನು ಕೆಳಗಿಟ್ಟು ಸುಮ್ಮನೆ ಕೂತುಬಿಟ್ಟೆ. ವಾಹಕತೆಯ ಕೋಷ್ಟಕ ಕಾಣದ ಹೆಂಗಸರು ಎಷ್ಟು ತಲೆಮಾರು ಕೌದಿ ಹೊಲಿದು, ಹೊದ್ದು, ಮತ್ತೊಂದು ಪದರ ಸೇರಿಸಿ ಈ ಐದಕ್ಕೆ ಬಂದು ನಿಂತರೋ!

ಆ ಎರಡು ಅಂಕಿ ಸಮವಾದ ಮೇಲೆ ಇನ್ನೊಂದು ಮಾತು ಕಾಡತೊಡಗಿತು. ಮೈ ಹುಟ್ಟಿಸಿದ ಶಾಖವೆಲ್ಲ ಕೌದಿ ದಾಟಿ ಹೋಗಿಯೇ ಹೋಗುತ್ತಿದೆ. ರಾತ್ರಿಯಿಡೀ, ಒಂದು ವ್ಯಾಟೂ ಉಳಿಯದಂತೆ. ಪಾಠದಲ್ಲಿ ಇದಕ್ಕೆ ಸ್ಥಿರ ಸ್ಥಿತಿ ಎನ್ನುತ್ತೇವೆ. ಯಾವ ಬಿಂದುವಿನ ತಾಪವೂ ಬದಲಾಗುವುದಿಲ್ಲ, ಆದರೆ ಪ್ರತಿ ಬಿಂದುವಿನ ಮೂಲಕವೂ ಶಾಖ ಹರಿಯುತ್ತಲೇ ಇರುತ್ತದೆ. ಮೊದಲ ಪದರಕ್ಕೆ ಬಂದಷ್ಟೇ ಎರಡನೆಯದಕ್ಕೆ, ಎರಡನೆಯದಕ್ಕೆ ಬಂದಷ್ಟೇ ಮೂರನೆಯದಕ್ಕೆ. ಯಾರೂ ತಮ್ಮಲ್ಲಿ ಇಟ್ಟುಕೊಳ್ಳುವುದಿಲ್ಲ. ಹಾಗಾದರೆ ಕೌದಿ ನನಗೆ ಕೊಟ್ಟಿದ್ದೇನು? ಅಷ್ಟೇ ಶಾಖ ಹೊರಹೋಗಲು ನನ್ನ ಚರ್ಮ ಬೆಚ್ಚಗಿರಬೇಕಾದ ಸ್ಥಿತಿಯನ್ನು ಕೊಟ್ಟಿತು. ಕೌದಿ ತೆಗೆದುಬಿಟ್ಟರೆ ಉಳಿಯುವುದು ಗಾಳಿಯ ಪೊರೆಯ 0.12 ಮಾತ್ರ. ಅದೇ 64 ವ್ಯಾಟ್ ಹೋಗಲು ಎಂಟು ಡಿಗ್ರಿಗಿಂತ ಕಡಿಮೆ ಅಂತರ ಸಾಕು. ಚರ್ಮ 23ರ ಕಡೆಗೆ ಇಳಿಯತೊಡಗುತ್ತದೆ, ಅಷ್ಟು ಇಳಿಯುವ ಮೊದಲೇ ಮೈ ನಡುಗಿ ಹೆಚ್ಚು ಶಾಖ ಹುಟ್ಟಿಸುತ್ತದೆ. ಎರಡು ಕೌದಿ ಹೊದಿಸಿದರೆ ಚರ್ಮ ಮಿತಿಮೀರಿ ಬಿಸಿಯಾಗದೆ ಅಷ್ಟು ಶಾಖ ಹೊರಡಲಾರದು. ಬೆವೆತ ಮಗು ನಿದ್ದೆಯಲ್ಲೇ ಒಂದನ್ನು ಒದ್ದು ಹಾಕುತ್ತದೆ.

ಈ ಕೆಲಸ ನೂಲಿನದು ಎಂದು ಬಹಳ ದಿನ ಅಂದುಕೊಂಡಿದ್ದೆ. ನಿಜವಾದ ತಡೆ ನೂಲಿನ ಸಂದಿಗಳಲ್ಲಿ ಅಲುಗಾಡದೆ ಕೂತ ಗಾಳಿಯದು. ನಿಂತ ಗಾಳಿಯ ವಾಹಕತೆ 0.026, ತಾಮ್ರದ್ದು ಸುಮಾರು 400. ಕಿಟಕಿಯ 3 ಮಿಲಿಮೀಟರ್ ಗಾಜಿನ ಸ್ವಂತ ರೋಧ ಸುಮಾರು 0.004 ಇದ್ದರೆ, ಅದರ ಒಳಮೈಗೆ ಆತುಕೊಂಡ ಗಾಳಿಯ ಪೊರೆಯದು ಅದರ ಮೂವತ್ತು ಪಟ್ಟು. ಗಾಜು ಚಳಿ ತಡೆಯುತ್ತಿದೆ ಎಂದುಕೊಳ್ಳುತ್ತೇವೆ, ತಡೆಯುತ್ತಿರುವುದು ಕಣ್ಣಿಗೆ ಕಾಣದ ಆ ಪೊರೆ. ದೀಪಾವಳಿ ಮುಗಿಯುತ್ತಲೇ ಆಯಿ ಕೌದಿಗಳನ್ನೆಲ್ಲ ಮಾಳಿಗೆ ಮೇಲೆ ಹರವಿ, ಬಿಸಿಲು ಕುಡಿಸಿ, ಕೋಲಿನಿಂದ ಬಡಿದು ಕೊಡವುತ್ತಿದ್ದಳು. ಧೂಳು ಹೋಗಲಿ ಅಂತ, ಎನ್ನುತ್ತಿದ್ದಳು. ವರ್ಷವಿಡೀ ಮಡಚಿ ಚಪ್ಪಟೆಯಾದ ಬಟ್ಟೆಯೊಳಗೆ ಗಾಳಿಯೂ ಆಗ ಮರಳಿ ಬಂದು ಕೂರುತ್ತಿತ್ತು. ತೇವ ಆರುತ್ತಿತ್ತು. ನೀರು ನಿಂತ ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ಚೆನ್ನಾಗಿ ಶಾಖ ಸಾಗಿಸುತ್ತದೆ.

ಶಾಖದ ಹರಿವಿಗೆ ಗಣಿತ ಕೊಟ್ಟ ಜೋಸೆಫ್ ಫೋರಿಯೆ ಕೂಡ ಚಳಿಗೆ ಅಂಜುವವನಾಗಿದ್ದನಂತೆ. 1798ರಲ್ಲಿ ನೆಪೋಲಿಯನ್ನನ ದಂಡಿನೊಂದಿಗೆ ಈಜಿಪ್ಟಿಗೆ ಹೋಗಿ ಬಂದವನು, ಮುಂದೆ ಆಲ್ಪ್ಸ್ ಸೆರಗಿನ ಗ್ರೆನೋಬಲ್‌ನಲ್ಲಿ ಅಧಿಕಾರಿಯಾದ. ಸದಾ ದಪ್ಪ ಬಟ್ಟೆ ಹೊದ್ದು, ಕೋಣೆಯನ್ನು ಕಾವೇರಿಸಿಕೊಂಡು ಇರುತ್ತಿದ್ದ ಎನ್ನುತ್ತಾರೆ. ಆಡಳಿತದ ಕಾಗದಪತ್ರಗಳ ನಡುವೆಯೇ ಶಾಖದ ಮೇಲಿನ ಮೊದಲ ಪ್ರಬಂಧ ಬರೆದು 1807ರಲ್ಲಿ ಪ್ಯಾರಿಸ್ಸಿಗೆ ಒಪ್ಪಿಸಿದ. ಪುಸ್ತಕ ಬಂದದ್ದು 1822ರಲ್ಲಿ. ಅದರ ದಾರಿಯಲ್ಲೇ ಯೋಚಿಸಿದವನು ಜರ್ಮನಿಯ ಶಾಲಾ ಮೇಷ್ಟ್ರು ಗೇಯಾರ್ಗ್ ಓಮ್. ತಂತಿಯಲ್ಲಿ ವಿದ್ಯುತ್ತು ಹರಿಯುವುದೂ ಸರಳಿನಲ್ಲಿ ಶಾಖ ಹರಿಯುವ ಹಾಗೆಯೇ ಇರಬೇಕೆಂದು ಎಣಿಸಿ 1827ರಲ್ಲಿ ತನ್ನ ಪುಸ್ತಕ ಪ್ರಕಟಿಸಿದ. ಅವನ ಪ್ರಯೋಗದ ಒಂದು ವಿವರ ನನಗೆ ಬಹಳ ಇಷ್ಟ. ಆಗಿನ ಬ್ಯಾಟರಿಗಳ ಬಲ ನಿಮಿಷಕ್ಕೊಂದು ರೀತಿ ಏರಿಳಿಯುತ್ತಿತ್ತು. ಅದಕ್ಕೆ ಅವನು ಬಿಸ್ಮತ್ ಮತ್ತು ತಾಮ್ರವನ್ನು ಬೆಸೆದು, ಒಂದು ಬೆಸುಗೆಯನ್ನು ಕುದಿಯುವ ನೀರಿನ ಬಿಸಿಯಲ್ಲೂ ಇನ್ನೊಂದನ್ನು ಮಂಜುಗಡ್ಡೆಯ ತಂಪಿನಲ್ಲೂ ಇಟ್ಟ. ಆ ಅಲುಗದ ತಾಪವ್ಯತ್ಯಾಸದಿಂದ ಅಲುಗದ ವಿದ್ಯುತ್ತು ಹರಿಯಿತು. ಶಾಖದಿಂದ ಕಡ ತಂದ ಗಣಿತ, ಶಾಖದಿಂದಲೇ ಹುಟ್ಟಿದ ಪ್ರವಾಹ. ಮುಂದೆ ವಿದ್ಯುತ್ ಮಂಡಲದ ಅಂಕುಡೊಂಕು ಗೆರೆ ತಿರುಗಿ ಶಾಖದ ಪಾಠಕ್ಕೇ ಬಂತು. ನನ್ನ ಬೋರ್ಡಿನ ಮೇಲಿನ ಗೆರೆ ತವರಿಗೆ ಬಂದ ಮಗಳು.

ಕೌದಿಯನ್ನು ಬೆಳಕಿಗೆ ಹಿಡಿದರೆ ಒತ್ತೊತ್ತಾಗಿ ಸಾಗಿದ ಹೊಲಿಗೆ ಕಾಣುತ್ತದೆ. ದಾರ ಎಳೆದ ಕಡೆ ಐದೂ ಪದರ ಒತ್ತಿಕೊಂಡು ತೆಳುವಾಗಿವೆ, ಗಾಳಿ ಕಡಿಮೆ. ಹೊಲಿಗೆಗಳ ನಡುವೆ ಬಟ್ಟೆ ಉಬ್ಬಿದೆ. ಶಾಖಕ್ಕೆ ಈಗ ಎರಡು ದಾರಿ, ಒಂದು ಸಲೀಸು, ಒಂದು ಕಷ್ಟ. ಅದು ಅಡ್ಡಡ್ಡಲಾಗಿಯೂ ಸರಿದು ಸಲೀಸಾದ ದಾರಿಗೆ ಸೇರಿಕೊಳ್ಳುತ್ತದೆ, ಹಾಗಾಗಿ ನಮ್ಮ ಸರಳ ಲೆಕ್ಕ ಇಲ್ಲಿ ಪೂರ್ತಿ ನಿಜವಲ್ಲ. ಆಗ ಎರಡು ಚಿತ್ರ ಬರೆಯುತ್ತೇವೆ. ಒಂದರಲ್ಲಿ ಅಡ್ಡ ಹರಿವು ಇಲ್ಲವೇ ಇಲ್ಲ ಎಂದುಕೊಳ್ಳುತ್ತೇವೆ. ಇನ್ನೊಂದರಲ್ಲಿ ಅಡ್ಡ ಹರಿವಿಗೆ ಯಾವ ತಡೆಯೂ ಇಲ್ಲ ಎಂದುಕೊಳ್ಳುತ್ತೇವೆ. ಮೊದಲನೆಯದು ರೋಧವನ್ನು ಹೆಚ್ಚಾಗಿ ಹೇಳುತ್ತದೆ, ಎರಡನೆಯದು ಕಡಿಮೆಯಾಗಿ. ನಿಜ ಅವೆರಡರ ನಡುವೆಯೇ ಇರುತ್ತದೆ, ತಪ್ಪಿಸಿಕೊಳ್ಳಲಾರದು. ಎರಡು ತಪ್ಪು ಚಿತ್ರಗಳು ಸೇರಿ ಸತ್ಯಕ್ಕೆ ಬೇಲಿ ಹಾಕುವುದನ್ನು ಹುಡುಗರಿಗೆ ತೋರಿಸುವ ದಿನ ನಾನು ಬೇಗ ತರಗತಿಗೆ ಹೋಗುತ್ತೇನೆ.

ಸಾಲಾಗಿ ನಿಂತ ರೋಧಗಳ ಮೊತ್ತಕ್ಕೆ ಅನುಕ್ರಮದ ಹಂಗಿಲ್ಲ. ಯಾವ ಪದರ ಮೇಲೆ, ಯಾವುದು ಕೆಳಗೆ ಎಂದು ಅದಲುಬದಲು ಮಾಡಿದರೂ ಹರಿಯುವ ಶಾಖ ಅಷ್ಟೇ. ಆದರೆ ಒಂದೊಂದು ಪದರ ಯಾವ ತಾಪದಲ್ಲಿ ಬಾಳಬೇಕು ಎನ್ನುವುದನ್ನು ಮಾತ್ರ ಅದು ನಿಂತ ಜಾಗವೇ ನಿಶ್ಚಯಿಸುತ್ತದೆ. ಐದು ಪದರಗಳಲ್ಲಿ ಒಟ್ಟು ಹತ್ತು ಡಿಗ್ರಿ ಇಳಿಯುತ್ತದೆ, ಪದರಕ್ಕೆ ಎರಡರಂತೆ. ಹೊರಗಿನದು ಅಜ್ಜನ ಧೋತರ, ಅದರ ಮೇಲೆ ಬಣ್ಣಬಣ್ಣದ ತುಂಡುಗಳ ತೇಪೆ. ಅದು ಇರುವುದು 23ರಿಂದ 25ರಲ್ಲಿ. ನಡುವೆ ಅತ್ತೆಯ ಲಂಗ, ಯಾರದೋ ಪಂಚೆ, ಹರಿದ ಹಾಸಿಗೆ ಬಟ್ಟೆ. ಎಲ್ಲಕ್ಕಿಂತ ಒಳಗೆ, ನನ್ನ ಮೈಗೆ ತಾಗುವ ಬದಿಗೆ, ಒಗೆದು ಒಗೆದು ಬೆಣ್ಣೆಯಷ್ಟು ಮೆತ್ತಗಾದ ತನ್ನ ಇಳಕಲ್ ಸೀರೆಯನ್ನು ಆಯಿ ಹಾಕಿದ್ದಳು. ಅವಳು ಹೋಗಿ ಬಹಳ ವರ್ಷಗಳಾದವು. ಈ ನಸುಕಿನಲ್ಲಿ ಲೆಕ್ಕ ಹಾಕಿ ನೋಡುತ್ತೇನೆ. ಆ ಸೀರೆಯ ಒಳಮೈ 33 ಡಿಗ್ರಿ, ಹೊರಮೈ 31.